ದೊಡ್ಡಸ್ವಾಮಿ ಅಬ್ಬೆ ದ್ಯುಬುವಾ

ಪೀಣ್ಯದ ಕಾರ್ಖಾನೆಗಳಿಗೂ ವೈಟ್‌ಫೀಲ್ಡಿನ ಕಂಪನಿಗಳಿಗೂ ನಾನಾ ಸೀಮೆಗಳಿಂದ ಬಂದು ನೆಲೆಸಿದ ಕುಟುಂಬಗಳು ಈ ಭಾಗದ ಧರ್ಮಕೇಂದ್ರಗಳಲ್ಲಿ ಈಗ ಬಹಳವಾಗಿವೆ. ಪರಸ್ಥಳದಲ್ಲಿ ಬಾಳುವುದು ಹೇಗೆಂಬ ಪ್ರಶ್ನೆ ಅವರಿಗೂ ಉಂಟು, ಅವರನ್ನು ಬರಮಾಡಿಕೊಂಡ ನಮಗೂ ಉಂಟು. ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ಎದುರಿಸಿದ ಗುರುವೊಬ್ಬರನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

ಫ್ರಾನ್ಸ್ ದೇಶದ ಝಾನ್ ಆಂತ್ವಾನ್ ದ್ಯುಬುವಾ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಕ್ರಾಂತಿಯ ಕೋಲಾಹಲದಲ್ಲಿದ್ದ ಸ್ವದೇಶವನ್ನು ಅದೇ ವರ್ಷ ಬಿಟ್ಟು ಭಾರತಕ್ಕೆ ಹೊರಟರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ದುಡಿದರು. 1799ರಲ್ಲಿ ಶ್ರೀರಂಗಪಟ್ಟಣ ಆಂಗ್ಲರ ವಶವಾದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲೆಂದು ಕರ್ನಲ್ ವೆಲ್ಲೆಸ್ಲಿಯ ಆಹ್ವಾನದ ಮೇರೆಗೆ ಮೈಸೂರಿಗೆ ಬಂದರು.

ಕರೆಸಿದವನು ಗೆದ್ದ ಸೈನ್ಯದ ಅಧಿಕಾರಿ. ದಂಡಿನ ಬಿಳಿಯರ ನಡುವೆ ಸುಖವಾಗಿ ಇದ್ದುಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರಾದರೋ ಐರೋಪ್ಯರ ಸಹವಾಸವನ್ನೇ ಆದಷ್ಟು ತೊರೆದರು. ಈ ನಾಡಿನವರ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಊರವರ ಊಟವನ್ನೇ ಉಂಡು ಹಳ್ಳಿಯಿಂದ ಹಳ್ಳಿಗೆ ನಡೆದರು. ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಅವರ ಭಾವಚಿತ್ರದಲ್ಲಿಯೂ ಇದೇ ವೇಷ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಗೋಮಾಂಸ ಮದ್ಯಗಳಿಂದ ಐರೋಪ್ಯರು ಈ ಜನರ ಕಣ್ಣಿನಲ್ಲಿ ಹೇಯರಾಗಿದ್ದಾರೆಂದೂ, ಆ ಹೇಸಿಗೆ ಅವರ ಧರ್ಮಕ್ಕೂ ತಟ್ಟಿದೆಯೆಂದೂ ದ್ಯುಬುವಾ ಕಂಡುಕೊಂಡಿದ್ದರು.

ಈ ಬಾಳ್ವೆಯ ಫಲ ಕಂಡದ್ದು ಸಿಡುಬಿನ ಕಾಲದಲ್ಲಿ. ದೇವಿ ಹಾಕಿಸುವ ಪದ್ಧತಿ ಭಾರತಕ್ಕೆ ಬಂದದ್ದೇ 1802ರಲ್ಲಿ. ಸಿಡುಬೆಂದರೆ ಅಮ್ಮ ಮೈಮೇಲೆ ಬಂದಂತೆ ಎಂದು ನಂಬಿದ್ದ ಜನ, ಪರಂಗಿಯವರ ಸೂಜಿಗೆ ತೋಳೊಡ್ಡಲು ಸುಲಭವಾಗಿ ಒಪ್ಪುವರೇ? ದೊಡ್ಡಸ್ವಾಮಿಯವರ ಮಾತಿಗೆ ಒಪ್ಪಿದರು. ಅವರ ಪ್ರಯತ್ನದಿಂದ ಸುಮಾರು 25 ಸಾವಿರ ಜನರು ದೇವಿ ಹಾಕಿಸಿಕೊಂಡರು. ನಿರ್ಗತಿಕರಿಗಾಗಿ ಬೇಸಾಯದ ವಸಾಹತುಗಳನ್ನೂ ಅವರು ಸ್ಥಾಪಿಸಿದರು. ಬೆಂಗಳೂರಿನ ಬ್ಲ್ಯಾಕ್‌ಪಲ್ಲಿಯ, ಎಂದರೆ ಇಂದಿನ ಶಿವಾಜಿನಗರದ, ಸಂತ ಮರಿಯಮ್ಮನವರ ದೇವಾಲಯದ ಆದಿಚರಿತ್ರೆಯಲ್ಲಿಯೂ ಅವರ ಹೆಸರಿದೆ.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ 2000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಅದರ ಬಹುಭಾಗಕ್ಕೆ ಕೇರ್ದೂ ಎಂಬ ಹಿರಿಯ ಯೇಸುಸಭೆಯ ಗುರುವಿನ ಬರಹವೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರತಿಪಾದಿಸಿದ್ದಾರೆ. ಹೀಗಿದ್ದರೂ ದ್ಯುಬುವಾ ಬಾಳಿದ ಬಾಳು ಇನ್ನೊಬ್ಬರಿಂದ ಎರವಲು ತಂದದ್ದಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಲಾರೆವು. ಊರಿನ ಉಡುಪಿನೊಡನೆ ಊರಿನ ಜಾತಿಪದ್ಧತಿಯನ್ನೂ ಅವರು ಒಪ್ಪಿಕೊಂಡರು. ಸಮಾಜವನ್ನು ಕಾಪಾಡುವ ವ್ಯವಸ್ಥೆಯೆಂದು ಅದನ್ನು ಹೊಗಳಿದರು. ಇತ್ತ ಬ್ರಾಹ್ಮಣರ ಬಗ್ಗೆ ಅವರ ಲೇಖನಿ ಅನೇಕ ಕಡೆ ಅನ್ಯಾಯವಾಗುವಷ್ಟು ಕಟುವಾಗಿದೆ. ಊಟ ಉಡುಗೆಗಳನ್ನು ಸ್ವೀಕರಿಸುವುದು ಬೇರೆ, ಬಡವನನ್ನು ಬಾಗಿಲ ಹೊರಗೆ ನಿಲ್ಲಿಸುವ ರೂಢಿಗೆ ತಲೆದೂಗುವುದು ಬೇರೆ. ಅವರ ಬೇರೆಲ್ಲ ನಡೆಯನ್ನು ಮೆಚ್ಚುವ ನಾವು ಇದನ್ನು ಮೆಚ್ಚಲಾರೆವು. ನಮ್ಮ ದೇವಾಲಯಗಳೊಳಗೂ ಈ ಭೇದ ಬಹುಕಾಲ ಉಳಿದು ನೋವುಂಟುಮಾಡಿದೆ.

ಇಷ್ಟು ವರ್ಷ ಜನರೊಡನೆ ಜನವಾಗಿ ಬಾಳಿದವರು ಕೊನೆಗೆ, ಈ ನಾಡಿನವರು ಕ್ರೈಸ್ತರಾಗುವುದು ಅಸಾಧ್ಯವೆಂಬ ನಿರಾಶೆಯ ನಿರ್ಣಯಕ್ಕೆ ಬಂದರು. 1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿ ವೇತನ ಪಡೆದು ಸ್ವದೇಶಕ್ಕೆ ಮರಳಿದರು, ಮತ್ತೆ ಬರಲಿಲ್ಲ. ಪ್ಯಾರಿಸಿನ ಮಿಷನ್ ಸಂಸ್ಥೆಯಲ್ಲಿ ಹಿರಿಯರಾಗಿದ್ದುಕೊಂಡು, ಇಲ್ಲಿಂದ ಕೊಂಡೊಯ್ದ ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ಅದು 1826ರಲ್ಲಿ ಅಚ್ಚಾಯಿತು. 1848ರ ಫೆಬ್ರುವರಿ 17ರಂದು ಅವರು ಪ್ಯಾರಿಸಿನಲ್ಲಿ ದೈವಾಧೀನರಾದರು.