ಸುಕುಮಾರ್ ಸೇನ್ ಮತ್ತು 28 ಲಕ್ಷ ಹೆಸರುಗಳು

18 ತುಂಬಿದ ಮೇಲೆ ನಮ್ಮಲ್ಲಿ ಎಷ್ಟೋ ಜನ ಮೊಬೈಲಲ್ಲೇ ಫಾರಂ 6 ತುಂಬಿ ವೋಟರ್ ಲಿಸ್ಟ್‌ಗೆ ಸೇರಿದ್ವಿ. ಆದ್ರೆ ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಆ ಲಿಸ್ಟ್ ಸಿದ್ಧಮಾಡಿಸಿದವರು ಯಾರು ಅಂತ ಕೇಳಿದರೆ ನನಗೂ ಗೊತ್ತಿರಲಿಲ್ಲ.

ಅವರೇ ಸುಕುಮಾರ್ ಸೇನ್, ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತರು. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಗಣಿತದಲ್ಲಿ ಚಿನ್ನದ ಪದಕ ಪಡೆದವರು. ಆಮೇಲೆ ಐಸಿಎಸ್ ಸೇರಿ, ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿ ಆದರು. 1950ರ ಮಾರ್ಚ್‌ನಲ್ಲಿ ಚುನಾವಣೆಯ ಹೊಣೆ ಅವರ ಹೆಗಲಿಗೆ ಬಂತು.

21 ದಾಟಿದ ಸುಮಾರು 17 ಕೋಟಿ ಮತದಾರರು. ಹೆಚ್ಚಿನವರಿಗೆ ಓದು ಬರಹ ಬಾರದು. ಕಂಪ್ಯೂಟರ್ ಇಲ್ಲ. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು ಬರಬೇಕು, ಅದನ್ನೆಲ್ಲ ಟೈಪ್ ಮಾಡಬೇಕು. ಪಟ್ಟಿಯ ಕೆಲಸ ಸಂವಿಧಾನ ಜಾರಿಗೆ ಬರುವ ಮೊದಲೇ ಶುರುವಾಗಿತ್ತು. ಅದನ್ನು ಮುಗಿಸಿ ಚುನಾವಣೆ ನಡೆಸಬೇಕಾದವರು ಸೇನ್.

ಅಲ್ಲೇ ಒಂದು ತೊಡಕು ಎದುರಾಯ್ತು. ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ಪರರಿಗೆ ತಮ್ಮ ಹೆಸರು ಹೇಳುತ್ತಿರಲಿಲ್ಲ. ಹಾಗಾಗಿ ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆದುಕೊಂಡು ಬಂದಿದ್ದರು. ಸೇನ್ ಒಪ್ಪಲಿಲ್ಲ. ಒಬ್ಬರಿಗೆ ಮೂರು ಹೆಣ್ಣುಮಕ್ಕಳಿದ್ದರೆ, ಅವರ ಮಗಳು ಅಂದರೆ ಯಾರು? ಸ್ವಂತ ಹೆಸರು ಕೊಡಿ, ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯಿರಿ ಅಂದರು. ಬಿಹಾರದಲ್ಲಿ ಒಂದು ತಿಂಗಳು ಹೆಚ್ಚು ಸಮಯ ಕೊಟ್ಟರು. ಆದರೂ ಇಡೀ ದೇಶದಲ್ಲಿ ಸುಮಾರು 8 ಕೋಟಿ ಮಹಿಳೆಯರಲ್ಲಿ 28 ಲಕ್ಷ ಮಂದಿ ಪಟ್ಟಿಯಿಂದ ಹೊರಗೆ ಹೋದರು. 1951-52ರಲ್ಲಿ ಅವರಿಗೆ ವೋಟು ಸಿಗಲಿಲ್ಲ.

ಇದು ಸರಿಯಾ? ಓದಿದಾಗ ನನಗೆ ಸಿಟ್ಟು ಬಂತು. ತಪ್ಪು ಆ ಹೆಂಗಸರದ್ದಲ್ಲ, ಶಿಕ್ಷೆ ಮಾತ್ರ ಅವರಿಗೆ. ಆದ್ರೆ ಇನ್ನೊಂದು ಕಡೆಯಿಂದ ನೋಡಿದರೆ, ಹೆಸರೇ ಇಲ್ಲದ ವೋಟನ್ನು ಬೇರೆ ಯಾರು ಬೇಕಾದರೂ ಹಾಕಬಹುದಿತ್ತು. ಹೆಂಗಸು ಗಂಡನ ಲೆಕ್ಕದಲ್ಲಿ ಅಲ್ಲ, ತನ್ನ ಲೆಕ್ಕದಲ್ಲೇ ಮತದಾರಳು ಅಂತ ಒಬ್ಬ ಸರ್ಕಾರಿ ಅಧಿಕಾರಿ 1950ರ ದಶಕದಲ್ಲಿ ಹಟ ಹಿಡಿದದ್ದು ಸಣ್ಣದಲ್ಲ. ಬೆಲೆ ಮಾತ್ರ ತುಂಬಾ ದೊಡ್ಡದು.

1953ರಲ್ಲಿ ಸೇನ್ ಸುಡಾನ್‌ಗೆ ಹೋಗಿ ಅಲ್ಲಿನ ಚುನಾವಣೆಯನ್ನೂ ನಡೆಸಿಕೊಟ್ಟರು. 1954ರಲ್ಲಿ ಪದ್ಮಭೂಷಣ ಬಂತು. 1957ರ ಎರಡನೇ ಚುನಾವಣೆ ಮುಗಿಸಿ, 1958ರ ಡಿಸೆಂಬರ್‌ನಲ್ಲಿ ಹುದ್ದೆ ಬಿಟ್ಟರು. ನಂತರ ಬರ್ದ್ವಾನ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಇವತ್ತು ಕರಡು ಪಟ್ಟಿ ಪ್ರಕಟವಾದಾಗ ನಾವು ಅದನ್ನು ನೋಡಬಹುದು. ಹೆಸರು ಬಿಟ್ಟುಹೋಗಿದ್ದರೆ ಫಾರಂ 6, ತಪ್ಪಿದ್ದರೆ ಫಾರಂ 8, ಇರಬಾರದ ಹೆಸರಿದ್ದರೆ ಫಾರಂ 7. ಈ ಸಲ ಊರಿಗೆ ಹೋದಾಗ ನಿಮ್ಮ ಹೆಸರಿನ ಜೊತೆ ಅಜ್ಜಿಯ ಹೆಸರೂ ಸರಿಯಾಗಿದೆಯಾ ನೋಡಿ ಬನ್ನಿ.