ಮಾರ್ಚೆಲ್ಲೊ ಮಾಲ್ಪೀಗಿ

ಜಿರಲೆಯ ದೇಹರಚನೆಯನ್ನು ಓದಿದ ವಿದ್ಯಾರ್ಥಿಗೆ ಮಾಲ್ಪೀಜಿಯನ್ ನಾಳಗಳೆಂಬ ಹೆಸರು ಪರಿಚಿತವಾದುದೇ. ಆ ಹೆಸರಿಗೆ ಕಾರಣನಾದ ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ, ಗಿಡಮರಗಳ ಒಡಲಿನಲ್ಲಿ ನೀರು ಮತ್ತು ಆಹಾರ ಸಾಗುವ ಹಾದಿಯನ್ನು ಮೊದಲು ಅರಸಿದವರಲ್ಲಿಯೂ ಒಬ್ಬನು.

ಮಾಲ್ಪೀಗಿ 1628ರಲ್ಲಿ ಬೊಲೋನ್ಯ ನಗರದ ಸಮೀಪದ ಕ್ರೆವಾಲ್ಕೋರೆಯಲ್ಲಿ ಜನಿಸಿದನು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡನು. ಆದರೂ ವ್ಯಾಸಂಗವನ್ನು ಬಿಡದೆ 1653ರಲ್ಲಿ ವೈದ್ಯ ಪದವಿಯನ್ನು ಪಡೆದನು. 1661ರಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಕೂಡಿಸುವ ಲೋಮನಾಳಗಳನ್ನು ಕಂಡನು. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆಗೆ ದೊರೆಯದೆ ಹೋಗಿದ್ದ ಕೊಂಡಿ ಅದು.

ಸಿಸಿಲಿಯ ಮೆಸೀನಾದಲ್ಲಿ ಅಧ್ಯಾಪಕನಾಗಿದ್ದಾಗ ಒಂದು ದಿನ ತೋಟದಲ್ಲಿ ತಿರುಗಾಡುತ್ತಿದ್ದ ಮಾಲ್ಪೀಗಿಗೆ ಚೆಸ್ಟ್‌ನಟ್ ಮರದ ಮುರಿದ ಕೊಂಬೆಯೊಂದು ಕಣ್ಣಿಗೆ ಬಿದ್ದಿತು. ಮುರಿದ ತುದಿಯಿಂದ ನವಿರಾದ ಎಳೆಗಳು ಹೊರಚಾಚಿದ್ದವು. ಮಸೂರದಲ್ಲಿ ನೋಡಿದಾಗ ಅವು ಸುರುಳಿ ಸುತ್ತಿದ ನಾಳಗಳೆಂದು ತಿಳಿಯಿತು. ಮುಂದೆ ರೇಷ್ಮೆಹುಳುವನ್ನು ಸೀಳಿ ನೋಡಿದಾಗ ಅದರ ಶ್ವಾಸನಾಳಗಳಲ್ಲಿಯೂ ಅಂತಹುದೇ ಸುರುಳಿ ಕಂಡಿತು. ಸಸ್ಯಗಳೂ ಈ ನಾಳಗಳ ಮೂಲಕ ಉಸಿರಾಡುತ್ತವೆಂದು ಅವನು ನಿರ್ಣಯಿಸಿದನು. ಕತ್ತರಿಸಿದ ಕಾಂಡದ ನಾಳಗಳಿಗೆ ಗಾಳಿ ನುಗ್ಗಿ ಅವು ಬರಿದಾಗಿ ತೋರುವುದರಿಂದ, ಈ ತಪ್ಪು ಸಹಜವಾದುದೇ ಆಗಿತ್ತು.

ವಾಸ್ತವವಾಗಿ ಅವು ಬೇರಿನಿಂದ ನೀರನ್ನೂ ಲವಣಗಳನ್ನೂ ಮೇಲಕ್ಕೊಯ್ಯುವ ಕ್ಸೈಲಂ ನಾಳಗಳು. ಸಾಲಾಗಿ ಜೋಡಣೆಗೊಂಡ ಜೀವಕೋಶಗಳು ಸತ್ತು, ಒಳಗಿನ ದ್ರವ್ಯವೂ ನಡುವಣ ಅಡ್ಡಗೋಡೆಗಳೂ ಅಳಿದು ಕೊಳವೆಯಾಗುತ್ತವೆ. ಸತ್ತ ಬಳಿಕವೇ ಅವು ತಮ್ಮ ಕೆಲಸಕ್ಕೆ ಸಿದ್ಧವಾಗುವುದು! ಎಲೆಗಳಿಂದ ನೀರು ಆವಿಯಾದಂತೆ ಕೊಳವೆಯೊಳಗಿನ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಆ ಸೆಳೆತಕ್ಕೆ ಕೊಳವೆ ಕುಸಿಯದಂತೆ ಲಿಗ್ನಿನ್ ಎಂಬ ಗಟ್ಟಿ ವಸ್ತುವಿನ ಸುರುಳಿ ತಡೆಯುತ್ತದೆ. ಕೀಟದ ಶ್ವಾಸನಾಳದ ಸುರುಳಿಯೂ ನಾಳ ಕುಸಿಯದಂತೆ ಕಾಯುವುದಕ್ಕಾಗಿಯೇ ಇದೆ. ಆದುದರಿಂದ ಅವನು ಗುರುತಿಸಿದ ಹೋಲಿಕೆ ಸುಳ್ಳಲ್ಲ. ಅದರಿಂದ ಊಹಿಸಿದ ಕಾರ್ಯ ಮಾತ್ರ ತಪ್ಪಾಗಿತ್ತು.

ಇನ್ನೊಂದು ಪ್ರಶ್ನೆಗೆ ಮಾಲ್ಪೀಗಿ ಹೋಲಿಕೆಯನ್ನು ನೆಚ್ಚದೆ ಪ್ರಯೋಗಕ್ಕೆ ಕೈಹಾಕಿದನು. ಮರದ ಕಾಂಡದಿಂದ ಬಳೆಯಾಕಾರದಲ್ಲಿ ತೊಗಟೆಯನ್ನು ತೆಗೆದನು. ದಿನ ಕಳೆದಂತೆ ಗಾಯದ ಮೇಲ್ಭಾಗ ಊದಿಕೊಂಡಿತು, ಕೆಳಭಾಗ ಊದಲಿಲ್ಲ. ಎಲೆಗಳಲ್ಲಿ ಸಿದ್ಧವಾದ ಆಹಾರ ತೊಗಟೆಯ ಮೂಲಕ ಕೆಳಗಿಳಿಯುತ್ತದೆಂದು ಅವನು ತರ್ಕಿಸಿದನು. ಈ ನಿರ್ಣಯ ಇಂದಿಗೂ ನಿಂತಿದೆ. ತೊಗಟೆಯ ಒಳಪದರದಲ್ಲಿರುವ ಫ್ಲೋಯಂನ ಜರಡಿ ನಾಳಗಳೇ ಆ ಹಾದಿ. ಇವುಗಳ ಕೋಶಗಳು ಜೀವಂತವಾಗಿರುತ್ತವೆ. ಆದರೆ ಬೆಳೆದಾಗ ಕೋಶಕೇಂದ್ರವನ್ನು ಕಳೆದುಕೊಂಡು, ಪಕ್ಕದ ಸಂಗಾತಿ ಕೋಶಗಳನ್ನು ಅವಲಂಬಿಸುತ್ತವೆ. ಅಡ್ಡಗೋಡೆಗಳ ರಂಧ್ರಗಳ ಮೂಲಕ ಸಕ್ಕರೆಯ ದ್ರಾವಣ ಹರಿಯುತ್ತದೆ.

ಲಂಡನ್ನಿನ ರಾಯಲ್ ಸೊಸೈಟಿ ಅವನ ಸಸ್ಯ ಅಂಗರಚನೆಯ ಗ್ರಂಥವನ್ನು 1675 ಮತ್ತು 1679ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿತು. ದೂರದೇಶದಲ್ಲಿ ಹೀಗೆ ಮನ್ನಣೆ ದೊರೆಯುತ್ತಿದ್ದರೆ, ಬೊಲೋನ್ಯದ ಸಹೋದ್ಯೋಗಿಗಳಲ್ಲಿ ಹಲವರು ಸೂಕ್ಷ್ಮದರ್ಶಕದ ಅಧ್ಯಯನ ರೋಗಿಗಳಿಗೆ ನಿರುಪಯುಕ್ತವೆಂದು ಹಳಿಯುತ್ತಲೇ ಇದ್ದರು. 1684ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಗಳೂ ಸೂಕ್ಷ್ಮದರ್ಶಕಗಳೂ ನಾಶವಾದವು. ಆದರೂ ಅವನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1691ರಲ್ಲಿ ಪೋಪ್ ಹನ್ನೆರಡನೆಯ ಇನೊಸೆಂಟ್ ಅವನನ್ನು ತನ್ನ ವೈದ್ಯನನ್ನಾಗಿ ರೋಮಿಗೆ ಕರೆಸಿಕೊಂಡನು. ಅಲ್ಲಿಯೇ 1694ರ ನವೆಂಬರ್ ತಿಂಗಳಲ್ಲಿ ಮಾಲ್ಪೀಗಿ ನಿಧನನಾದನು.