ಜಿನಸೇನಾಚಾರ್ಯರು ಮತ್ತು ಸೃಷ್ಟಿಯ ಪ್ರಶ್ನೆ

ಶಿರ್ತಾಡಿಯ ನೆರೆಯೂರಾದ ಮೂಡಬಿದಿರೆಯ ಬಸದಿಗಳನ್ನು ನೋಡದ ವಿದ್ಯಾರ್ಥಿನಿಯರು ವಿರಳ. 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿಯ ವೈಭವವನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ಆದರೆ ಅದೇ ಊರಿನ ಗುರು ಬಸದಿಯಲ್ಲಿ ಶತಮಾನಗಳ ಕಾಲ ಜೋಪಾನವಾಗಿದ್ದ ತಾಳೆಯೋಲೆಯ ಕಟ್ಟುಗಳ ಕಡೆಗೆ ನಮ್ಮ ಗಮನವು ಹೋಗುವುದು ಕಡಿಮೆ. ಅವುಗಳಲ್ಲಿ ಒಂದಾದ ಜಯಧವಲದ ಬಹುಭಾಗವನ್ನು ರಚಿಸಿದ ಜಿನಸೇನಾಚಾರ್ಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ದೇವರು ಶೂನ್ಯದಿಂದ ಜಗತ್ತನ್ನು ಉಂಟುಮಾಡಿದನೆಂಬ ಬೋಧನೆಯನ್ನು ಕೇಳಿ ಬೆಳೆದವರಿಗೆ, ಜಗತ್ತನ್ನು ಯಾರೂ ಉಂಟುಮಾಡಲಿಲ್ಲವೆಂದು ವಾದಿಸಿದ ಪಂಡಿತರ ಪರಿಚಯವು ವಿಚಿತ್ರವಾಗಿ ತೋರಬಹುದು. ಆದರೂ ನೆರೆಮನೆಯವರ ನಂಬಿಕೆಯನ್ನು ಅವರ ಪಂಡಿತರ ಮೂಲಕವೇ ತಿಳಿಯುವುದು ಲೇಸಷ್ಟೆ.

ಜಿನಸೇನರು ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದವರು. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನರು ಬೇರೆ, ಇವರು ಬೇರೆ. ಕಿವಿ ಚುಚ್ಚುವ ಶಾಸ್ತ್ರವು ನಡೆಯುವುದಕ್ಕೆ ಮುಂಚೆಯೇ ಇವರು ಗುರುಗಳಾದ ವೀರಸೇನರ ಬಳಿ ಸೇರಿದರೆಂದು ಕಾಣುತ್ತದೆ. ತಾವು ಅಷ್ಟೇನೂ ಸುಂದರರಲ್ಲ, ಅಷ್ಟೇನೂ ಚತುರರೂ ಅಲ್ಲ, ಹಾಗಿದ್ದರೂ ಸರಸ್ವತಿಯು ತಮ್ಮನ್ನೇ ಆಶ್ರಯಿಸಿದಳೆಂಬ ಅರ್ಥದ ಮಾತನ್ನು ಅವರು ಬರೆದಿಟ್ಟಿದ್ದಾರೆ. ವಿನಯವೂ ಹೆಮ್ಮೆಯೂ ಕೂಡಿದ ಈ ಮಾತು ನಮಗೆ ಬಹಳ ಹಿಡಿಸಿತು.

ವೀರಸೇನರು ಷಟ್ಖಂಡಾಗಮಕ್ಕೆ ಧವಲವೆಂಬ 72,000 ಗ್ರಂಥ ಪ್ರಮಾಣದ ವ್ಯಾಖ್ಯಾನವನ್ನು ಬರೆದು, ಕಷಾಯಪಾಹುಡಕ್ಕೆ ಇನ್ನೊಂದನ್ನು ತೊಡಗಿ, 20,000 ಗ್ರಂಥಗಳಾಗುವಷ್ಟರಲ್ಲಿ ತೀರಿಕೊಂಡರು. ಉಳಿದ 40,000ವನ್ನು ಶಿಷ್ಯರು ಬರೆದು, ಶಕ 759ರಲ್ಲಿ, ಎಂದರೆ 837ರಲ್ಲಿ, ಜಯಧವಲವನ್ನು ಪೂರ್ಣಗೊಳಿಸಿದರು. ಕಾಳಿದಾಸನ ಮೇಘದೂತದ ಪಾದಗಳನ್ನೆಲ್ಲ ಒಳಗೊಂಡು ಪಾರ್ಶ್ವನಾಥರ ಕಥೆಯನ್ನು ಹೇಳುವ ಪಾರ್ಶ್ವಾಭ್ಯುದಯವೂ ಅವರದೇ. ಮಾನ್ಯಖೇಟದಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನು ಅವರ ಪಾದಗಳಿಗೆ ಎರಗಿ ತನ್ನನ್ನು ಪವಿತ್ರನೆಂದು ಎಣಿಸುತ್ತಿದ್ದನೆಂದು ಶಿಷ್ಯರಾದ ಗುಣಭದ್ರರು ಹೇಳಿದ್ದಾರೆ. ಅದೇ ಅರಸನು ಪ್ರಜೆಗಳ ಉಪದ್ರವವನ್ನು ನೀಗಿಸುವುದಕ್ಕಾಗಿ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನವು ತಿಳಿಸುತ್ತದೆ. ಅಂದಿನ ಆಸ್ಥಾನದಲ್ಲಿ ಒಂದೇ ಮತವು ನೆಲಸಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂತಹ ಸಭೆಯಲ್ಲಿ ಸೃಷ್ಟಿಯ ಪ್ರಶ್ನೆಯು ಕೇವಲ ಶಾಲೆಯ ತರ್ಕವಾಗಿರಲಾರದು.

ಆ ಪ್ರಶ್ನೆಯನ್ನು ಜಿನಸೇನರು ತಮ್ಮ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಎತ್ತಿಕೊಂಡರು. ಅವರ ಎದುರಾಳಿಗಳು ಕ್ರೈಸ್ತರಲ್ಲ. ಕುಂಬಾರನು ಮಣ್ಣಿನಿಂದ ಗಡಿಗೆಯನ್ನು ಮಾಡುವಂತೆ ಈಶ್ವರನು ಅನಾದಿಯಾದ ಪರಮಾಣುಗಳಿಂದ ಲೋಕವನ್ನು ಮಾಡಿದನೆನ್ನುವ ನೈಯಾಯಿಕರು ಮತ್ತು ಪೌರಾಣಿಕರು. ಲೋಕವಿಲ್ಲದಿದ್ದಾಗ ಸೃಷ್ಟಿಕರ್ತನು ಎಲ್ಲಿ ನಿಂತಿದ್ದನೆಂದು ಅವರು ಮೊದಲು ಕೇಳುತ್ತಾರೆ. ಸಾಮಗ್ರಿಯಿಲ್ಲದೆ ಮಾಡಿದನೋ? ಸಾಮಗ್ರಿಯನ್ನು ಮೊದಲು ಮಾಡಿದನೆಂದರೆ ಅದಕ್ಕೆ ಬೇರೆ ಸಾಮಗ್ರಿ ಬೇಕಾಗಿ ಈ ಸರಣಿಗೆ ಕೊನೆಯೇ ಇರದು. ಸಾಮಗ್ರಿಯು ತಾನಾಗಿಯೇ ಇತ್ತೆಂದರೆ ಲೋಕವೂ ತಾನಾಗಿಯೇ ಇರಬಾರದೇಕೆ? ಬರೇ ಇಚ್ಛೆಯಿಂದ ಆಯಿತೆಂದರೆ ಅದನ್ನು ನಂಬುವವರಾರು? ಅವನು ಕೃತಾರ್ಥನಾದರೆ ಸೃಷ್ಟಿಸುವ ಬಯಕೆಯೇ ಸಲ್ಲದು. ಕೃತಾರ್ಥನಲ್ಲದಿದ್ದರೆ ಅವನು ಕುಂಬಾರನಿಗಿಂತ ಹೆಚ್ಚಿನವನಲ್ಲ. ಆಟಕ್ಕಾಗಿ ಮಾಡಿದನೆಂಬುದು ಹುಡುಗಾಟಿಕೆಯ ಮಾತು. ಜೀವಿಗಳ ಕರ್ಮಕ್ಕೆ ಅನುಸಾರವಾಗಿ ಮಾಡಿದನೆಂದರೆ ಅವನು ನೇಕಾರನಂತೆ ಪರಾಧೀನನಾದನು. ಕರುಣೆಯಿಂದ ಮಾಡಿದ್ದಾದರೆ ಲೋಕವೆಲ್ಲವೂ ಸುಖಮಯವಾಗಿ ಇರಬೇಕಿತ್ತು.

ಇವುಗಳಲ್ಲಿ ಸಾಮಗ್ರಿಯ ಪ್ರಶ್ನೆಯನ್ನು ಕ್ರೈಸ್ತರು ಬಹು ಹಿಂದೆಯೇ ಎದುರಿಸಿದ್ದರು. ಮೂಲದ್ರವ್ಯವೂ ದೇವರಂತೆ ಅನಾದಿಯೆಂಬ ಗ್ರೀಕರ ಮತವನ್ನು ಎರಡನೆಯ ಶತಮಾನದಲ್ಲಿ ಅಂತಿಯೋಕ್ಯದ ಥಿಯೋಫಿಲನು ಖಂಡಿಸಿ, ಶೂನ್ಯದಿಂದಲೇ ಸೃಷ್ಟಿಯೆಂದು ಸಾಧಿಸಿದನು. ಈ ಪಕ್ಷದವರು ಕುಂಬಾರನ ಉಪಮೆಯನ್ನು ಒಪ್ಪದ ಕಾರಣ ಸಾಮಗ್ರಿಯ ಆಕ್ಷೇಪವು ಅವರಿಗೆ ನೇರವಾಗಿ ತಗಲುವುದಿಲ್ಲ. ಇಚ್ಛೆಯ ಆಕ್ಷೇಪವು ಮಾತ್ರ ತಗಲುತ್ತದೆ. ಲೋಕಕ್ಕೆ ಮೊದಲು ದೇವರು ಏನು ಮಾಡುತ್ತಿದ್ದನೆಂಬುದಕ್ಕೆ ಸಂತ ಅಗಸ್ಟೀನನು, ಕಾಲವೂ ಲೋಕದೊಡನೆಯೇ ಉಂಟಾದುದರಿಂದ ಮೊದಲು ಎಂಬ ಮಾತಿಗೇ ಅರ್ಥವಿಲ್ಲವೆಂದು ಉತ್ತರಿಸಿದನು. ಆದರೆ ಕರುಣೆಯ ಪ್ರಶ್ನೆಯು ಇಷ್ಟರಿಂದ ಇತ್ಯರ್ಥವಾಗದು. ಮಗುವನ್ನು ಕಳೆದುಕೊಂಡ ತಾಯಿಯು ಯಾವ ಮತದವಳಾದರೂ, ಲೋಕವು ಯಾವುದರಿಂದ ಆಯಿತೆಂದು ಕೇಳುವುದಿಲ್ಲ, ಏತಕ್ಕೆ ಹೀಗಾಯಿತೆಂದು ಕೇಳುತ್ತಾಳೆ. ಯೋಬನ ಪುಸ್ತಕವನ್ನು ಓದಿದವರು ಜಿನಸೇನರ ಈ ಒಂದು ಪ್ರಶ್ನೆಯನ್ನು ಹಗುರವಾಗಿ ಎಣಿಸಲಾರರು.

ಸೃಷ್ಟಿಕರ್ತನನ್ನು ಅಲ್ಲಗಳೆದ ಈ ಆಚಾರ್ಯರು ಸ್ರಷ್ಟಾ, ವಿಧಾತಾ ಎಂಬ ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವನ್ನು ಪ್ರಥಮ ತೀರ್ಥಂಕರರಾದ ವೃಷಭನಾಥರಿಗೆ ಸಲ್ಲಿಸಿದರು. ಕಲ್ಪವೃಕ್ಷಗಳು ಮರೆಯಾಗಿ ಜನರು ಹಸಿವಿನಿಂದ ಕಂಗೆಟ್ಟಾಗ ಆಯುಧ, ಬರವಣಿಗೆ, ಬೇಸಾಯ, ವಿದ್ಯೆ, ವ್ಯಾಪಾರ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ತೋರಿಸಿದುದೇ ಅವರ ಸೃಷ್ಟಿ. ಅದಕ್ಕೂ ಮೊದಲು ವೃಷಭನಾಥರು ತಮ್ಮ ಪುತ್ರಿಯರನ್ನು ಹತ್ತಿರ ಕುಳ್ಳಿರಿಸಿಕೊಂಡು, ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದರೆಂದು ಜಿನಸೇನರು ವರ್ಣಿಸುತ್ತಾರೆ. ವಿದ್ಯಾವತಿಯಾದ ಸ್ತ್ರೀಯು ಸ್ತ್ರೀಯರಲ್ಲಿ ಅಗ್ರಸ್ಥಾನವನ್ನು ಹೊಂದುವಳೆಂದು ತಂದೆಯ ಬಾಯಿಂದ ಹೇಳಿಸುತ್ತಾರೆ. ಗಂಡುಮಕ್ಕಳ ಪಾಠವು ಆ ಗ್ರಂಥದಲ್ಲಿ ಇದರ ಅನಂತರ ಬರುತ್ತದೆ. ಬಾಲಿಕಾ ಪಾಠಶಾಲೆಯ ಸಂಚಿಕೆಯಲ್ಲಿ ಇದನ್ನು ಕಾಣಿಸದೆ ಬಿಡುವುದು ಸರಿಯಲ್ಲ.

ನಾಲ್ವತ್ತೆರಡು ಪರ್ವಗಳನ್ನೂ ಮುಂದಿನ ಪರ್ವದ ಮೂರು ಶ್ಲೋಕಗಳನ್ನೂ ಬರೆಯುವಷ್ಟರಲ್ಲಿ ಜಿನಸೇನರು ದೇಹವನ್ನು ಬಿಟ್ಟರು. ಗುರುಗಳ ಗ್ರಂಥವನ್ನು ಪೂರ್ಣಗೊಳಿಸಿದವರ ಗ್ರಂಥವೂ ಶಿಷ್ಯನ ಕೈಯಿಂದಲೇ ಪೂರ್ಣವಾಗಬೇಕಾಯಿತು. ಗುಣಭದ್ರರು ಉಳಿದುದನ್ನು ಬರೆದು ಉತ್ತರಪುರಾಣವನ್ನೂ ಸೇರಿಸಿದರು. 941ರಲ್ಲಿ ಪಂಪನು ಈ ಕಥೆಯನ್ನೇ ಕನ್ನಡಕ್ಕೆ ತಂದನು.

ಧವಲ, ಜಯಧವಲಗಳ ಪ್ರಾಚೀನ ಓಲೆಪ್ರತಿಗಳು ಬೇರೆಲ್ಲಿಯೂ ಉಳಿಯದೆ ಮೂಡಬಿದಿರೆಯಲ್ಲಿ ಮಾತ್ರ ಉಳಿದವು. ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಓದುವುದಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸವು ತೊಡಗಿ, 1939ರಲ್ಲಿ ಧವಲದ ಮೊದಲನೆಯ ಸಂಪುಟವೂ 1944ರಲ್ಲಿ ಜಯಧವಲದ ಮೊದಲನೆಯ ಸಂಪುಟವೂ ಅಚ್ಚಾಗಿ ಹೊರಬಂದವು. ಅವುಗಳೊಡನೆ ಅದೇ ಬಸದಿಯಲ್ಲಿ ಉಳಿದುಬಂದ ಮಹಾಬಂಧದ ಓಲೆಗಳ ಕಡೆಯಲ್ಲಿ, ಅವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದವರ ಹೆಸರಿದೆ. ಆಕೆ ಮಲ್ಲಿಕಬ್ಬೆಯೆಂಬ ಸ್ತ್ರೀ.